ಸುಳ್ಳು ಜೋಡಿ, ಸಾಚಾ ಪ್ರೀತಿ!

ಸದಾರಮೆಯಿಂದ ‘ಮಿಲನ’ದವರೆಗೆ... ನಡುವೆ ನಮ್ಮ ಉಪ್ಪಾರಹಳ್ಳಿಯ ಒಂದು ಕಥೆ

ಚಿತ್ರಪ್ರೇಮಿ ಮಿತ್ರರೇ, ಮೊದಲು ನಿಮಗೊಂದು ದೃಶ್ಯ ತೋರಿಸ್ತೀನಿ.

ಬೆಳಗ್ಗೆ ಹೊತ್ತು. ತುಮಕೂರು ರೈಲ್ವೆ ಸ್ಟೇಷನ್ನು. ಬೆಂಗಳೂರಿಗೆ ಹೋಗುವ ಗಾಡಿಗಾಗಿ ಪ್ಲಾಟ್‌ಫಾರಂ ತುಂಬಾ ಜನ. ಕೈಯಲ್ಲಿ ಊಟದ ಡಬ್ಬಿ, ಜೇಬಿನಲ್ಲಿ ಮಂತ್ಲಿ ಪಾಸು, ಕಣ್ಣಿನಲ್ಲಿ ಇನ್ನೂ ಅರ್ಧ ನಿದ್ದೆ! ಆ ಗುಂಪಿನಲ್ಲಿ ಉಪ್ಪಾರಹಳ್ಳಿಯ ಒಬ್ಬ ಹುಡುಗ, ಉಪ್ಪಾರಹಳ್ಳಿಯದೇ ಒಬ್ಬ ಹುಡುಗಿ. ಇಬ್ಬರೂ ಪಕ್ಕಪಕ್ಕದಲ್ಲಿ ನಿಂತಿದ್ದಾರೆ. ಅವಳ ಬ್ಯಾಗು ಅವನ ಹೆಗಲ ಮೇಲೆ. ನೋಡಿದವರು ಅಂದುಕೊಳ್ಳುವುದು ಒಂದೇ ಮಾತು: “ನಿಶ್ಚಯ ಆಗಿರೋ ಜೋಡಿ ಇರ್ಬೇಕು ಕಣೋ.”

ನಿಶ್ಚಯವೂ ಇಲ್ಲ, ಜೋಡಿಯೂ ಅಲ್ಲ! ಹದಿನೈದು ದಿನದ ಹಿಂದೆ ಅವರಿಬ್ಬರಿಗೆ ಸರಿಯಾಗಿ ಮಾತೇ ಇರಲಿಲ್ಲ. ಒಂದೇ ಬಡಾವಣೆಯವರು, ಮುಖಪರಿಚಯ, ಅಷ್ಟೇ.

ಆಗಿದ್ದಿಷ್ಟು. ಆ ಹುಡುಗಿಯ ಬೆನ್ನಿಗೆ ಗಾಡಿಯಲ್ಲಿ ಒಬ್ಬ ಆಸಾಮಿ ಬಿದ್ದಿದ್ದ. ದಿನಾ ಅದೇ ಬೋಗಿ, ದಿನಾ ಎದುರು ಸೀಟು. “ಹೆಸರೇನು? ಎಲ್ಲಿ ಕೆಲಸ? ನಂಬರ್ ಕೊಡಿ...” ಕ್ಯಾತ್ಸಂದ್ರ ದಾಟುವ ಹೊತ್ತಿಗೆ ಶುರುವಾದದ್ದು ಯಶವಂತಪುರ ಬಂದರೂ ನಿಲ್ಲುತ್ತಿರಲಿಲ್ಲ. ಒಂದು ದಿನ ಅವಳಿಗೆ ಸಾಕಾಗಿ ಹೋಯಿತು. ಬಾಗಿಲ ಬಳಿ ನಿಂತಿದ್ದ ನಮ್ಮ ಹುಡುಗನ ಕಡೆ ಕೈ ತೋರಿಸಿ ಜೋರಾಗಿ ಅಂದಳಂತೆ: “ನೋಡಿ, ಅವರೇ ನಾನು ಮದುವೆ ಆಗೋ ಹುಡುಗ. ಏನ್ ಕೇಳ್ಬೇಕೋ ಅವರನ್ನೇ ಕೇಳಿ!”

ನಮ್ಮ ಹುಡುಗನಿಗೆ ಎದೆ ಧಸಕ್ ಅಂತು. ಆದರೆ ಅವಳ ಮುಖ ನೋಡಿದ. ಹಿಂದೆಮುಂದೆ ಯೋಚನೆ ಮಾಡದೆ ಹತ್ತಿರ ಬಂದು, “ಯಾಕೆ ಲೇಟಾಯ್ತು? ಸೀಟ್ ಹಿಡಿದಿದ್ದೆ” ಅಂದುಬಿಟ್ಟ!

ಹೀಗೆ ಶುರುವಾಯಿತು ನಾಟಕ. ಇವನು ನನ್ನ ಗೆಳೆಯ. ಹೆಸರು ಬೇಡ, ಬೀದಿ ಬೇಡ. ಅವಳು ಯಾರು ಅನ್ನೋದಂತೂ ಬೇಡವೇ ಬೇಡ. ಯಾಕೆ ಬೇಡ ಅನ್ನೋದು ಕೊನೆಯಲ್ಲಿ ನಿಮಗೇ ಗೊತ್ತಾಗುತ್ತೆ.

ಅವನು ಇದನ್ನು ನನಗೆ ಹೇಳಿದಾಗ ನಾನು ನಕ್ಕೆ. “ಲೋ, ಇದು ನಿನ್ನ ಕಥೆ ಅಲ್ಲ ಕಣೋ. ನಿಮ್ಮಜ್ಜಿ ಕಾಲದಿಂದ ನಡೀತಿರೋ ಪಿಕ್ಚರ್ರು!” ಅಂದೆ. ಆ ಪಿಕ್ಚರುಗಳ ಕಥೆಯೇ ಈ ವಾರದ ನಮ್ಮ ಲೇಖನ.

ನಾಲ್ಕು ಗೂಟದ ಚಪ್ಪರ

ಗಂಡು ಹೆಣ್ಣು ಇಬ್ಬರು ಪ್ರೇಮಿಗಳಲ್ಲ, ದಂಪತಿಗಳೂ ಅಲ್ಲ. ಆದರೆ ಯಾವುದೋ ಕಾರಣಕ್ಕೆ ಹಾಗೆ ನಟಿಸಬೇಕು. ನಟಿಸುತ್ತಾ ನಟಿಸುತ್ತಾ ನಿಜವಾಗಿಯೇ ಮನಸ್ಸು ಕೊಡುತ್ತಾರೆ. ಈ ಒಂದು ಎಳೆ ಹಿಡಿದು ಎಷ್ಟು ಕಾದಂಬರಿ, ಎಷ್ಟು ಸಿನಿಮಾ ಬಂದಿವೆಯೋ ಲೆಕ್ಕ ಇಟ್ಟವರಿಲ್ಲ.

ಇದರ ಗುಟ್ಟು ನಾಲ್ಕೇ ಗೂಟದಲ್ಲಿದೆ. ಮೊದಲನೆಯದು ಅನಿವಾರ್ಯ: ಕೆಲಸ ಬೇಕು, ಬಾಡಿಗೆ ಮನೆ ಬೇಕು, ಇಲ್ಲವೇ ಸಾಯೋ ಹಂತದ ಅಪ್ಪನಿಗೆ ಅಳಿಯ ಬೇಕು. ಎರಡನೆಯದು ಷರತ್ತು: “ಇದೆಲ್ಲಾ ಬರೀ ನಾಟಕ, ಮುಟ್ಟಬಾರದು, ಮನಸ್ಸಿಗೆ ಹಚ್ಕೋಬಾರದು!” ಮೂರನೆಯದು ನೋಡುವ ಕಣ್ಣು: ಮಾವ, ಮನೆ ಓನರ್ರು, ಪಕ್ಕದ ಮನೆಯಾಕೆ. ನಾಲ್ಕನೆಯದು ಗಡುವು: ಇಂಥ ದಿನ ನಾಟಕ ಮುಗೀಬೇಕು. ಈ ನಾಲ್ಕು ಗೂಟ ನೆಟ್ಟರೆ ಚಪ್ಪರ ರೆಡಿ.

ಮಜಾ ಎಲ್ಲಿದೆ ಗೊತ್ತಾ? ತೆರೆಯ ಮೇಲಿನ ಮಾವನಿಗೆ ಗೊತ್ತಿಲ್ಲದ ಸತ್ಯ ಗಾಂಧಿ ಕ್ಲಾಸಿನಲ್ಲಿ ಕೂತ ನಮಗೆ ಗೊತ್ತು! ನಾಯಕ ನಾಯಕಿಗೇ ಇನ್ನೂ ಗೊತ್ತಾಗದ ಇನ್ನೊಂದು ಸತ್ಯವೂ ನಮಗೆ ಗೊತ್ತು. ಅವರಿಬ್ಬರಿಗೂ ನಿಜವಾಗಿ ಪ್ರೀತಿ ಆಗಿಬಿಟ್ಟಿದೆ ಅಂತ! ಟಿಕೆಟ್ ಕೊಟ್ಟ ಪ್ರೇಕ್ಷಕನೇ ಅಲ್ಲಿ ಎಲ್ಲರಿಗಿಂತ ಜಾಣ. ಅದಕ್ಕೇ ಆ ನಗು, ಆ ಶಿಳ್ಳೆ.

ದಕ್ಷಿಣದಲ್ಲಿ ಈ ಕಥೆಗೆ ಭದ್ರ ಬುನಾದಿ ಹಾಕಿದ್ದು 1955ರ ತೆಲುಗು ‘ಮಿಸ್ಸಮ್ಮ’. ಎಲ್.ವಿ. ಪ್ರಸಾದ್ ನಿರ್ದೇಶನ, ವಿಜಯಾ ಸಂಸ್ಥೆಯ ಅದ್ಧೂರಿ ನಿರ್ಮಾಣ, ಎನ್.ಟಿ. ರಾಮರಾವ್ ಮತ್ತು ಸಾವಿತ್ರಿ ಜೋಡಿ. ಓದಿ ಕೆಲಸ ಸಿಗದ ಇಬ್ಬರು. ಶಾಲೆಯೊಂದಕ್ಕೆ ಗಂಡ ಹೆಂಡತಿ ಮೇಷ್ಟ್ರುಗಳೇ ಬೇಕು ಅಂತ ಜಾಹೀರಾತು. ಸರಿ, ಹೊಟ್ಟೆಪಾಡಿಗೆ ಇಬ್ಬರೂ ದಂಪತಿಗಳಾಗಿಬಿಟ್ಟರು! ಅವನು ಹಿಂದೂ, ಅವಳು ಕ್ರಿಶ್ಚಿಯನ್ ಮನೆಯಲ್ಲಿ ಬೆಳೆದವಳು. ಇನ್ನು ಕೇಳಬೇಕೇ? ಅದೇ ವರ್ಷ ತಮಿಳಿನಲ್ಲೂ, 1957ರಲ್ಲಿ ಹಿಂದಿಯಲ್ಲಿ ‘ಮಿಸ್ ಮೇರಿ’ ಆಗಿಯೂ ಬಂತು. ಮೂಲ ಬೀಜ ಮಾತ್ರ ಬಂಗಾಳಿ ನಾಟಕದ್ದು.

ನಗುನಗುತ್ತಾ ಹೇಳಿದರೂ ಆ ಕಥೆಯ ಬುಡದಲ್ಲಿರುವುದು ನಿರುದ್ಯೋಗ. ಡಿಗ್ರಿ ಕೈಲಿ ಹಿಡಿದು ಅಲೆದವರಿಗೆ ಅದು ಬರೀ ತಮಾಷೆಯಾಗಿ ಕಾಣೋದಿಲ್ಲ.

ನಮ್ಮ ಗುಬ್ಬಿಯ ಸದಾರಮೆ

ಅಷ್ಟು ದೂರ ಯಾಕೆ ಹೋಗಬೇಕು? ತುಮಕೂರಿನಿಂದ ಗುಬ್ಬಿಗೆ ಬಸ್ಸು ಹತ್ತಿ ಕೂತರೆ ಇಪ್ಪತ್ತು ಕಿಲೋಮೀಟರು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲಾ ಹೆಸರಾಯಿತು. ಆ ಕಂಪನಿಯ ‘ಸದಾರಮೆ’ ನಾಟಕ ಗೊತ್ತಲ್ಲ? ಅದರಲ್ಲಿ ಕಳ್ಳನ ಪಾತ್ರ ಮಾಡಿ ಗುಬ್ಬಿ ವೀರಣ್ಣನವರು ಜನರನ್ನು ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದರು. 1935ರಲ್ಲಿ, ಕನ್ನಡ ಮಾತಿನ ಚಿತ್ರಕ್ಕೆ ಇನ್ನೂ ಕಣ್ಣು ಬಿಡುವ ವಯಸ್ಸು, ಆಗಲೇ ಈ ಕಥೆ ತೆರೆಗೂ ಬಂತು.

ಆ ಕಥೆಯಲ್ಲಿ ಸದಾರಮೆ ಗಂಡನಿಂದ ದೂರವಾಗಿ ಕಳ್ಳನ ಕೈಗೆ ಸಿಕ್ಕುತ್ತಾಳೆ. ಅಳುತ್ತಾ ಕೂರುತ್ತಾಳಾ? ಊಹೂಂ! ಅವನಿಗೆ ಮನಸೋತವಳ ಹಾಗೆ ನಟಿಸಿ, ಮರುಳು ಮಾಡಿ, ಪಾರಾಗುತ್ತಾಳೆ. ಆಮೇಲೆ ಗಂಡುವೇಷ ಹಾಕಿ ಊರೂರು ದಾಟುತ್ತಾಳೆ. ಇಲ್ಲಿ ಸುಳ್ಳುಪ್ರೀತಿ ಹೆಣ್ಣಿನ ಆಯುಧ. ಬೇರೆ ಯಾವ ಆಯುಧವೂ ಕೈಯಲ್ಲಿ ಇಲ್ಲದಾಗ ಹಿಡಿದ ಆಯುಧ.

ರೈಲಿನಲ್ಲಿ ನಮ್ಮ ಉಪ್ಪಾರಹಳ್ಳಿ ಹುಡುಗಿ ಮಾಡಿದ್ದೂ ಅದನ್ನೇ ಅಲ್ಲವೇ? ಹೆಚ್ಚೂಕಡಿಮೆ ನೂರು ವರ್ಷ ಕಳೆದರೂ ಕಳ್ಳ ಬದಲಾಗಿಲ್ಲ ನೋಡಿ. ಸದಾರಮೆಯೂ ಬದಲಾಗುವ ಹಾಗಿಲ್ಲ.

ಮದುವೆ ಮಾಡಿದರು, ತಮಾಷೆ ನೋಡಿದರು

1965ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಮದುವೆ ಮಾಡಿ ನೋಡು’ ಬಂತು. ರಾಜ್‌ಕುಮಾರ್, ಲೀಲಾವತಿ ತಾರಾಗಣ. 1952ರ ತೆಲುಗು ‘ಪೆಳ್ಳಿ ಚೇಸಿ ಚೂಡು’ ಚಿತ್ರದ ಕನ್ನಡ ರೂಪ. ಇಲ್ಲಿ ಆಟ ಉಲ್ಟಾ! ವರದಕ್ಷಿಣೆ ಜಗಳದಲ್ಲಿ ಮದುವೆ ಮುರಿದು ಬೀಳುತ್ತದೆ. ಗಂಡ ಹುಚ್ಚು ಹಿಡಿದವನ ಹಾಗೆ ನಟಿಸುತ್ತಾನೆ. ತಾಳಿ ಕಟ್ಟಿಸಿಕೊಂಡ ಹೆಂಡತಿಯೇ ನರ್ಸ್ ಅಂತ ಹೇಳಿಕೊಂಡು ಮಾವನ ಮನೆ ಹೊಕ್ಕುತ್ತಾಳೆ. ನಿಜವಾದ ಗಂಡಹೆಂಡಿರು ಪರಕೀಯರ ಹಾಗೆ ನಟಿಸುವ ತಮಾಷೆ! ನಗಿಸುತ್ತಲೇ ವರದಕ್ಷಿಣೆಯ ಬೆನ್ನಿಗೆ ಬಾರುಕೋಲು.

1979ರ ‘ಪ್ರೀತಿ ಮಾಡು ತಮಾಷೆ ನೋಡು’ ಇನ್ನೊಂದು ಬಗೆ. ತಮಿಳಿನಲ್ಲಿ 1964ರಲ್ಲಿ ಶ್ರೀಧರ್ ಮಾಡಿದ ‘ಕಾದಲಿಕ್ಕ ನೇರಮಿಲ್ಲೈ’ ಕಥೆ. ಕನ್ನಡದಲ್ಲಿ ಶ್ರೀನಾಥ್, ಶಂಕರ್‌ನಾಗ್, ದ್ವಾರಕೀಶ್, ಪದ್ಮಪ್ರಿಯ, ಮಂಜುಳಾ. ಇಲ್ಲಿ ಪ್ರೀತಿ ಸಾಚಾ, ಅಪ್ಪ ನಕಲಿ! ಹುಡುಗಿಯ ತಂದೆ ಶ್ರೀಮಂತ ಬೀಗರನ್ನೇ ಹುಡುಕುವವರು. ಅದಕ್ಕೆ ಪ್ರೇಮಿಯ ಗೆಳೆಯನೇ ಗಡ್ಡಮೀಸೆ ಅಂಟಿಸಿಕೊಂಡು ಕೋಟ್ಯಧಿಪತಿ ಅಪ್ಪನಾಗಿ ಬರುತ್ತಾನೆ!

ಮಂಜುಳಾ ಅಂದೆನಲ್ಲ, ಒಂದು ನಿಮಿಷ ನಿಲ್ಲೋಣ. ಇವರು ನಮ್ಮ ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯವರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅಣ್ಣಾವ್ರಿಗೇ ಎದುರು ನಿಂತು ಮಾತಿಗೆ ಮಾತು ಕೊಟ್ಟ ಬಜಾರಿ! 1986ರ ಸೆಪ್ಟೆಂಬರಿನಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮುಂಚೆಯೇ, ಬೆಂಕಿಯ ಗಾಯಗಳಿಂದ ತೀರಿಕೊಂಡರು. ತೆರೆಯ ಮೇಲೆ ಅಷ್ಟು ನಗಿಸಿದವರ ಕೊನೆ ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತೆ.

ಅಕ್ಕನ ದಿಂಬಿನ ಕೆಳಗಿನ ಕಾದಂಬರಿ

ಈಗ ಗುಟ್ಟಿನ ವಿಷಯಕ್ಕೆ ಬರೋಣ. ನಿಜ ಹೇಳಿ, ಅಕ್ಕನೋ ಚಿಕ್ಕಮ್ಮನೋ ಲೈಬ್ರರಿಯಿಂದ ತಂದು ದಿಂಬಿನ ಕೆಳಗೆ ಇಟ್ಟಿದ್ದ ಕಾದಂಬರಿಯನ್ನು ನೀವು ಕದ್ದು ಓದಿಲ್ಲವೇ? ಓದಿದ್ದೀರಿ! ಆಮೇಲೆ ಹೊರಗೆ ಬಂದು “ಅದೆಲ್ಲಾ ಹೆಂಗಸರ ಕಾದಂಬರಿ ಬಿಡ್ರೋ” ಅಂತ ಮೂಗು ಮುರಿದಿದ್ದೀರಿ. ‘ಅಡುಗೆಮನೆ ಸಾಹಿತ್ಯ’ ಅಂತ ದೊಡ್ಡವರು ಬೇರೆ ಹೆಸರಿಟ್ಟರು.

ಆದರೆ ಲೆಕ್ಕ ತೆಗೆದು ನೋಡಿ ಸ್ವಾಮಿ. ಪುಟ್ಟಣ್ಣನವರ ‘ಬೆಳ್ಳಿಮೋಡ’ (1967) ತ್ರಿವೇಣಿಯವರದು. ‘ಗೆಜ್ಜೆಪೂಜೆ’ (1969) ಎಂ.ಕೆ. ಇಂದಿರಾ ಅವರದು. ‘ಎರಡು ಕನಸು’ (1974), ‘ಶುಭಮಂಗಳ’ (1975) ವಾಣಿಯವರದು. ವಿಷ್ಣು-ಆರತಿ ಜೋಡಿಯ ‘ಹೊಂಬಿಸಿಲು’ (1978) ಉಷಾ ನವರತ್ನರಾಂ ಅವರದು. ‘ಕಾಮನಬಿಲ್ಲು’ (1983) ಅಶ್ವಿನಿಯವರದು. ನಾವು ಸರದಿಯಲ್ಲಿ ನಿಂತು ಟಿಕೆಟ್ ಕೊಂಡ ಕಥೆಗಳೆಲ್ಲಾ ಅಡುಗೆಮನೆಯ ಪಕ್ಕದಲ್ಲಿ ಕೂತು ಬರೆದವರ ಕಥೆಗಳೇ!

ಇವುಗಳಲ್ಲಿ ನಮ್ಮ ಈ ವಾರದ ವಿಷಯಕ್ಕೆ ತೀರಾ ಹತ್ತಿರದ್ದು ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’. 1986ರಲ್ಲಿ ಎಂ.ಎಸ್. ರಾಜಶೇಖರ್ ನಿರ್ದೇಶನದಲ್ಲಿ ಅದು ‘ಅನುರಾಗ ಅರಳಿತು’ ಆಯಿತು. ವರನಟ ರಾಜ್‌ಕುಮಾರ್, ಮಾಧವಿ, ಗೀತಾ. ಉಪೇಂದ್ರಕುಮಾರ್ ಸಂಗೀತ.

ಆಶಾ ಕಾರ್ಖಾನೆಯ ಒಡತಿ. ಮೂಗಿನ ತುದಿಯಲ್ಲಿ ಸಿಟ್ಟು, ಎಲ್ಲರೂ ತಲೆ ತಗ್ಗಿಸಬೇಕು. ಶಂಕರ್ ಅದೇ ಕಾರ್ಖಾನೆಯ ಕೆಲಸಗಾರ. ಕಾಯಿಲೆ ತಾಯಿಯ ಮುದ್ದಿನ ಮಗ. ಆದರೆ ತಲೆ ತಗ್ಗಿಸುವವನಲ್ಲ! ಇವನನ್ನು ಬಗ್ಗಿಸಲು ಆಶಾ ಎಂಥ ಉಪಾಯ ಹೂಡುತ್ತಾಳೆ ಅಂದರೆ, ಅವನನ್ನೇ ಮದುವೆಯಾಗಿಬಿಡುತ್ತಾಳೆ! ತಾಳಿ ನಿಜ, ಮಂತ್ರ ನಿಜ, ಸಂಬಂಧ ಮಾತ್ರ ಸುಳ್ಳು. ಪ್ರೀತಿಗಾಗಿ ಅಲ್ಲ, ಪಂದ್ಯ ಗೆಲ್ಲಲು ಕಟ್ಟಿಸಿಕೊಂಡ ತಾಳಿ. ಆ ಸುಳ್ಳಿನೊಳಗೆ ಅನುರಾಗ ಹೇಗೆ ಅರಳುತ್ತದೆ ಅನ್ನೋದೇ ಕಥೆ.

ಈ ಕಥೆಯ ಶಕ್ತಿ ಎಂಥದ್ದು ನೋಡಿ. 1992ರಲ್ಲಿ ಪಿ. ವಾಸು ತಮಿಳಿನಲ್ಲಿ ರಜನಿಕಾಂತ್-ವಿಜಯಶಾಂತಿ ಜೋಡಿ ಹಾಕಿ ‘ಮನ್ನನ್’ ಮಾಡಿದರು. ಅದೇ ವರ್ಷ ಕೆ. ರಾಘವೇಂದ್ರರಾವ್ ತೆಲುಗಿನಲ್ಲಿ ಚಿರಂಜೀವಿ-ನಗ್ಮಾ ಜೋಡಿಯ ‘ಘರಾನಾ ಮೊಗುಡು’ ತೆಗೆದು ಗಲ್ಲಾಪೆಟ್ಟಿಗೆ ತುಂಬಿಸಿದರು. 1994ರಲ್ಲಿ ಹಿಂದಿಯ ‘ಲಾಡ್ಲಾ’: ಅನಿಲ್ ಕಪೂರ್, ಶ್ರೀದೇವಿ. ಆ ಪಾತ್ರದಲ್ಲಿ ಮೊದಲು ನಟಿಸುತ್ತಿದ್ದವರು ದಿವ್ಯಾ ಭಾರತಿ. 1993ರ ಏಪ್ರಿಲ್‌ನಲ್ಲಿ ಅವರು ಅಕಾಲದಲ್ಲಿ ತೀರಿಕೊಂಡ ಮೇಲೆ ಶ್ರೀದೇವಿ ಬಂದರು.

ಅಣ್ಣಾವ್ರು, ರಜನಿ, ಚಿರಂಜೀವಿ, ಅನಿಲ್ ಕಪೂರ್! ನಾಲ್ಕು ಭಾಷೆ, ನಾಲ್ಕು ದೊಡ್ಡ ನಾಯಕರು. ಎಲ್ಲರಿಗೂ ಕಥೆಯ ಬೇರು ಒಬ್ಬ ಕನ್ನಡ ಹೆಣ್ಣುಮಗಳ ಕಾದಂಬರಿಯಲ್ಲಿ. ಆ ನಾಲ್ಕು ನಾಯಕರ ಹೆಸರು ನಿಮಗೆ ನಿದ್ದೆಯಲ್ಲೂ ಬರುತ್ತೆ. ರಾಧಾದೇವಿ ಹೆಸರು ಎಷ್ಟು ಜನಕ್ಕೆ ಬರುತ್ತೆ? ಎದೆ ಮುಟ್ಟಿಕೊಂಡು ಹೇಳಿ!

2009ರಲ್ಲಿ ಹಾಲಿವುಡ್ಡಿನಿಂದ ‘ದಿ ಪ್ರೊಪೋಸಲ್’ ಬಂತು. ಜೋರು ಬಾಯಿಯ ಮೇಡಮ್ಮು, ಕೈಕೆಳಗಿನ ನೌಕರ. ದೇಶ ಬಿಟ್ಟು ಹೋಗಬೇಕಾದೀತು ಅಂತ ಆಕೆ ಅವನನ್ನೇ ಬಲವಂತವಾಗಿ ‘ಮದುವೆ ಆಗೋ ಗಂಡು’ ಅಂತ ತೋರಿಸುತ್ತಾಳೆ. ಸಾಂಡ್ರಾ ಬುಲಕ್, ರಯಾನ್ ರೆನಾಲ್ಡ್ಸ್. ಎಲ್ಲರೂ ಹೊಸದು ಹೊಸದು ಅಂತ ಕುಣಿದರು. ಮಾಲಕಿ ಮತ್ತು ನೌಕರನ ಸುಳ್ಳುಜೋಡಿ ನಮ್ಮ ಲೈಬ್ರರಿ ಕಪಾಟಿಗೆ ಆಗಲೇ ಹಳೇ ನೆಂಟ!

ಆದರೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಣ್ಣಾವ್ರ ಅಭಿಮಾನಿಯಾಗಿಯೇ ಹೇಳ್ತಿದ್ದೀನಿ. ಈ ಸಿನಿಮಾಗಳಲ್ಲಿ ಕೊನೆಗೆ ಬಗ್ಗುವುದು ಯಾವಾಗಲೂ ಹೆಣ್ಣೇ. ಕುರ್ಚಿ ಬಿಡುವವಳು ಅವಳು, ಅಳುವವಳು ಅವಳು. ಆಗ ಶಿಳ್ಳೆ ಹೊಡೆಯುವವರು ನಾವು. ಅಲ್ಲವಾ?

ಅಪ್ಪನ ದಾರಿಯಲ್ಲಿ ಅಪ್ಪು

1993ರಲ್ಲಿ ದ್ವಾರಕೀಶ್ ನಿರ್ದೇಶಿಸಿದ ‘ರಾಯರು ಬಂದರು ಮಾವನ ಮನೆಗೆ’ ಬಂತು. ವಿಷ್ಣುವರ್ಧನ್ ಇಲ್ಲಿ ಬಾಡಿಗೆ ಅಳಿಯ! ಮಲಯಾಳದಲ್ಲಿ 1988ರಲ್ಲಿ ಪ್ರಿಯದರ್ಶನ್ ಮಾಡಿದ, ಮೋಹನ್‌ಲಾಲ್ ನಟನೆಯ ‘ಚಿತ್ರಂ’ ಇದರ ಮೂಲ. ಪ್ರೀತಿಸಿದವನು ಕೈಕೊಟ್ಟ ಹುಡುಗಿ. ವಿದೇಶದಿಂದ ರಜೆಗೆ ಬರುವ ಕಾಯಿಲೆಯ ಅಪ್ಪ. ಅವರ ಮನಸ್ಸು ಒಡೆಯಬಾರದೆಂದು ಎಲ್ಲೋ ಸಿಕ್ಕ ಒಬ್ಬ ಕಿಲಾಡಿಯನ್ನು ದುಡ್ಡು ಕೊಟ್ಟು ಗಂಡನ ವೇಷ ಹಾಕಿಸುತ್ತಾರೆ. ಮೊದಲ ಅರ್ಧ ಹೊಟ್ಟೆ ಹುಣ್ಣಾಗುವಷ್ಟು ನಗು. ಆಮೇಲೆ ಗೊತ್ತಾಗುತ್ತದೆ: ಆ ಬಾಡಿಗೆ ಗಂಡ ಮರಣದಂಡನೆಯ ಕೈದಿ! ‘ಚಿತ್ರಂ’ ಮುಗಿದಾಗ ನಗುತ್ತಿದ್ದವರೇ ಕಣ್ಣೊರೆಸಿಕೊಂಡು ಎದ್ದರು. ಸುಳ್ಳಿಗೂ ಬೆಲೆ ಇದೆ ಅಂತ ಇಷ್ಟು ಕಟುವಾಗಿ ಹೇಳಿದ ನಗೆಚಿತ್ರ ಅಪರೂಪ.

2007ರಲ್ಲಿ ಪ್ರಕಾಶ್ ನಿರ್ದೇಶನದ ‘ಮಿಲನ’. ಈ ಸಲ ರಾಜ್‌ಕುಮಾರ್ ಅವರ ಮಗ ಪುನೀತ್! ಹಿರಿಯರು ಮಾಡಿದ ಮದುವೆ. ಮೊದಲ ರಾತ್ರಿಯೇ ಹೆಂಡತಿ, ಅಂದರೆ ಪಾರ್ವತಿ, ವಿಚ್ಛೇದನ ಕೇಳುತ್ತಾಳೆ. ಅವಳಿಗೆ ಬೇರೆ ಪ್ರೀತಿ ಇದೆ. ಇವನು ಸಿಟ್ಟಾಗುವುದಿಲ್ಲ, ಬಗ್ಗಿಸಲು ಹೋಗುವುದಿಲ್ಲ. ಒಂದೇ ಮನೆಯಲ್ಲಿ ಗೆಳೆಯನ ಹಾಗೆ ಇದ್ದು ಅವಳ ದಾರಿಗೆ ದೀಪ ಹಿಡಿಯುತ್ತಾನೆ.

ಇಲ್ಲಿ ಒಂದು ಚಂದದ ಸಂಗತಿ ಗಮನಿಸಿ. 1986ರಲ್ಲಿ ಅಪ್ಪ, ಮನಸ್ಸಿಲ್ಲದೆ ತಾಳಿ ಕಟ್ಟಿಸಿಕೊಂಡ ಹೆಣ್ಣನ್ನು ಗೆದ್ದರು. 2007ರಲ್ಲಿ ಮಗ, ಮನಸ್ಸಿಲ್ಲದ ಹೆಣ್ಣಿಗೆ “ನಿನಗೇನು ಬೇಕು?” ಅಂತ ಕೇಳಿದರು. ಇಪ್ಪತ್ತೊಂದು ವರ್ಷದಲ್ಲಿ ನಾಯಕ ಇಷ್ಟು ದೂರ ನಡೆದು ಬಂದಿದ್ದಾನೆ. 2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ಹೆಣ್ಣುಮಕ್ಕಳು ಮನೆಮಗನೇ ಹೋದ ಹಾಗೆ ಅತ್ತರಲ್ಲ, ಅದರ ಹಿಂದೆ ಇಂಥ ಪಾತ್ರಗಳೂ ಇದ್ದವು ಅಂತ ನನ್ನ ನಂಬಿಕೆ.

ಮತ್ತೆ ಉಪ್ಪಾರಹಳ್ಳಿಗೆ

ಈಗ ನಮ್ಮ ಗೆಳೆಯನ ಕಥೆಗೆ ಬರೋಣ. ನಾಟಕ ಶುರುವಾಗಿ ಒಂದೂವರೆ ತಿಂಗಳು. ರೈಲಿನ ಆಸಾಮಿ ದೂರ ಸರಿದು ಕೂತಿದ್ದ, ಆದರೆ ಗಾಡಿ ಬಿಟ್ಟಿರಲಿಲ್ಲ. ಹಾಗಾಗಿ ಇವರೂ ನಾಟಕ ಬಿಡೋ ಹಾಗಿಲ್ಲ. ನಿಡವಂದ ಬರೋ ಹೊತ್ತಿಗೆ ಅವಳ ಡಬ್ಬಿಯ ಚಿತ್ರಾನ್ನ ಇವನ ಬಾಯಿಗೆ, ಚಿಕ್ಕಬಾಣಾವರ ಬರೋ ಹೊತ್ತಿಗೆ ಇವನ ಫೋನಿನ ಹಾಡು ಅವಳ ಕಿವಿಗೆ. ನಾನು ರೇಗಿಸಿದರೆ “ಏ, ಅದೆಲ್ಲಾ ಏನಿಲ್ಲ ಕಣೋ, ಸುಮ್ನೆ ನಾಟಕ” ಅಂತಿದ್ದ. ಹೇಳುವಾಗ ಮುಖ ಬೇರೆ ಕಡೆ ತಿರುಗುತ್ತಿತ್ತು. ನಾನು ನೋಡಿಲ್ಲದ ಪಿಕ್ಚರ್ರೇ?

ಒಂದು ದಿನ ಉಪ್ಪಾರಹಳ್ಳಿಯವರೇ ಯಾರೋ ಯಶವಂತಪುರದಲ್ಲಿ ಇವರಿಬ್ಬರನ್ನು ನೋಡಿದರು. ಅಷ್ಟು ಸಾಕಲ್ಲ! ಸಂಜೆ ಗಾಡಿ ತುಮಕೂರು ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ಹಾಲಿನ ಅಂಗಡಿ, ರೇಷನ್ ಅಂಗಡಿ, ಗಣಪತಿ ಗುಡಿ ಎಲ್ಲಾ ಸುತ್ತಿ ಅವಳ ಮನೆ ಬಾಗಿಲಿಗೆ ಬಂತು.

ಮಿತ್ರರೇ, ಇನ್ನು ಮೇಲೆ ನಗುವ ವಿಷಯವಲ್ಲ. ಮಾರನೇ ದಿನ ಏನಾಯಿ‌ತು ಗೊತ್ತೇ?

ನನ್ನ ಗೆಳೆಯನಿಗೆ ಟೀ ಅಂಗಡಿಯಲ್ಲಿ ಸನ್ಮಾನ! “ಏನಪ್ಪಾ ಹೀರೋ, ಪಾರ್ಟಿ ಯಾವಾಗ?” ಬೆನ್ನಿನ ಮೇಲೆ ನಾಲ್ಕು ಗುದ್ದು, ಪುಕ್ಕಟೆ ಟೀ.

ಅವಳಿಗೆ? “ನಾಳೆಯಿಂದ ಕೆಲ್ಸಕ್ಕೆ ಹೋಗೋದು ಬೇಡ.” ಅಪ್ಪನ ಆಜ್ಞೆ. ಫೋನು ಅಣ್ಣನ ಕೈಗೆ. ಗಂಡು ನೋಡುವ ಅವಸರ. ಅವಳ ಮಂತ್ಲಿ ಪಾಸಿನಲ್ಲಿ ಇನ್ನೂ ಹದಿಮೂರು ದಿನ ಬಾಕಿ ಇತ್ತು.

ಒಂದೇ ನಾಟಕ. ಇಬ್ಬರೂ ಸಮನಾಗಿ ಆಡಿದ್ದು. ಅವನಿಗೆ ಟೀ, ಅವಳಿಗೆ ಬೀಗ. ನಾನು ಮೇಲೆ ಹೇಳಿದ ಎಷ್ಟೋ ಸಿನಿಮಾಗಳಲ್ಲಿ ಈ ರೀಲನ್ನು ಮಾತ್ರ ಕತ್ತರಿಸಿ ಬಿಸಾಕಿದ್ದಾರೆ ಸ್ವಾಮಿ. ಅಲ್ಲಿ ಗುಟ್ಟು ರಟ್ಟಾದ ಮೇಲೆ ಒಂದು ಶೋಕಗೀತೆ, ಒಂದು ಫೈಟು, ಮಂಗಳಂ. ಇಲ್ಲಿ ಉಪ್ಪಾರಹಳ್ಳಿಯಲ್ಲಿ ಗುಟ್ಟು ರಟ್ಟಾದ ಮೇಲೇ ಕಥೆ ಶುರು.

ಮೂರು ದಿನ ಗೆಳೆಯ ಊಟ ಬಿಟ್ಟ. ನಾಲ್ಕನೇ ದಿನ ನನ್ನನ್ನೂ ಎಳಕೊಂಡು ಅವರ ಮನೆಗೆ ನಡೆದ. “ಹೊಡೆದರೆ ಹೊಡೀಲಿ ಬಾ” ಅಂದ. ನನಗೆ ಕಾಲು ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ!

ಅವಳಪ್ಪ ಪೇಪರ್ ಹಿಡಿದು ಕೂತಿದ್ದರು. ಇವನು ನಿಂತುಕೊಂಡೇ ಮೊದಲಿನಿಂದ ಕೊನೆಯವರೆಗೆ ಹೇಳಿದ. ಆ ಆಸಾಮಿ, ಎದುರು ಸೀಟು, ಅವಳು ಕೈ ತೋರಿಸಿದ್ದು, ಎಲ್ಲಾ. ಅವರು ಕೇಳಿಸಿಕೊಂಡರು. ಆಮೇಲೆ ಅಂದರು: “ನೀನು ನಿಜಾನೇ ಹೇಳ್ತಿರಬಹುದಪ್ಪ. ಆದ್ರೆ ಸುಳ್ಳು ಆಗ್ಲೇ ಊರೆಲ್ಲಾ ಸುತ್ತಿ ಬಂದಾಯ್ತಲ್ಲ. ಈಗೇನ್ ಮಾಡ್ಲಿ?”

ನಮ್ಮ ಬಾಯಲ್ಲಿ ಮಾತಿಲ್ಲ. ಆಗ ಒಳಗಿನಿಂದ ಅವಳ ತಾಯಿ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಗಂಡನಿಗೆ ಹೇಳಿದರು: “ಅವಳಿಗೆ ಕಾಟ ಕೊಟ್ಟೋನು ಯಾವನು ಅಂತ ಒಂದ್ಸಲ ಆದ್ರೂ ಕೇಳಿದ್ರಾ? ಅವನು ಆರಾಮಾಗಿ ಗಾಡೀಲಿ ಓಡಾಡ್ತಾವ್ನೆ. ನನ್ ಮಗಳು ಯಾಕೆ ಮನೇಲಿ ಕೂರ್ಬೇಕು?”

ಮನೆಯೆಲ್ಲಾ ಸ್ತಬ್ಧ! ಯಾವ ಸಂಭಾಷಣಾ ಸಾಹಿತಿ ಬರೆದುಕೊಟ್ಟರೂ ಇಂಥ ಮಾತು ಬರಲ್ಲ ಅನ್ನಿಸಿತು ನನಗೆ.

ಆಮೇಲಿನದು ಚಿಕ್ಕದಾಗಿ ಹೇಳ್ತೀನಿ. ರೈಲಿನಲ್ಲಿ ಇಂಥ ಕಾಟಕ್ಕೆ 139 ಅಂತ ಸಹಾಯವಾಣಿ ಇದೆ, ರೈಲ್ವೆ ಪೊಲೀಸರಿದ್ದಾರೆ. ತಾಯಿ, ಮಗಳು, ಹಿಂದೆ ಹಿಂದೆ ಅಪ್ಪನೂ ಹೋಗಿ ದೂರು ಕೊಟ್ಟು ಬಂದರು. ಆ ಆಸಾಮಿ ಮತ್ತೆ ಆ ಬೋಗಿಯಲ್ಲಿ ಕಾಣಲಿಲ್ಲ. ಮುಂದಿನ ವಾರ ಅವಳು ಕೆಲಸಕ್ಕೆ ಹೊರಟಳು. ಮೊದಲೇ ಈ ದಾರಿ ಹಿಡಿದಿದ್ದರೆ? ಹಿಡಿಯಬಹುದಿತ್ತು. ಆದರೆ ಮನೆಗೆ ಗೊತ್ತಾದರೆ ಕೆಲಸ ಬಿಡಿಸುತ್ತಾರೆ ಅನ್ನೋ ಹೆದರಿಕೆಗೇ ಅವಳು ಬಾಯಿ ಬಿಟ್ಟಿರಲಿಲ್ಲ. ಹೆದರಿಕೆ ಸುಳ್ಳಲ್ಲ ಅಂತ ಆ ಮೂರು ದಿನವೇ ಸಾಕ್ಷಿ ಹೇಳಿತಲ್ಲ.

ಇನ್ನೊಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ. ಆ ಆಸಾಮಿಯೂ ನಮ್ಮ ಹಾಗೇ ಪಿಕ್ಚರ್ ನೋಡಿ ಬೆಳೆದವನೇ. ಹುಡುಗಿ ಬೇಡ ಅಂದರೂ ಬೆನ್ನು ಬಿಡಬಾರದು, ಬೆನ್ನು ಬಿದ್ದರೆ ಒಲಿಯುತ್ತಾಳೆ ಅಂತ ಅವನಿಗೂ ಯಾವುದೋ ನಾಯಕನೇ ಕಲಿಸಿರಬೇಕು. ಅವನ ಲೆಕ್ಕದಲ್ಲಿ ಅವನೇ ಹೀರೋ! ಅದಕ್ಕೇ ಶಿಳ್ಳೆ ಹೊಡೆಯುವ ಮುಂಚೆ ಯಾವ ದೃಶ್ಯಕ್ಕೆ ಹೊಡೀತಿದ್ದೀವಿ ಅಂತ ಒಂದು ಕ್ಷಣ ನೋಡಿಕೊಳ್ಳೋಣ ಅಂತ.

ಅವತ್ತು ನಾವು ಹೊರಡುವಾಗ ಆ ತಾಯಿ ಬಾಗಿಲ ತನಕ ಬಂದರು. “ನಾನೂ ಕಾದಂಬರಿ ಓದ್ದೋಳೇ ಕಣಪ್ಪ. ರಾಧಾದೇವೀದೂ ಓದಿದೀನಿ, ಉಷಾ ನವರತ್ನರಾಂದೂ ಓದಿದೀನಿ” ಅಂದು, ನೇರವಾಗಿ ನನ್ನ ಗೆಳೆಯನ ಮುಖ ನೋಡಿ ಕೇಳಿದರು: “ನಾಟಕ ಮುಗೀತಾ?”

“ಮುಗೀತು ಆಂಟಿ” ಅಂದ ಇವನು. ಗಂಟಲು ಕಟ್ಟಿತ್ತು.

ಆಕೆಗೆ ಗೊತ್ತಾಗದೇ ಇರುತ್ತಾ? ಸಣ್ಣಗೆ ನಕ್ಕು, “ಮುಗಿದಿದ್ರೆ ಸರಿ. ಮುಗಿದಿಲ್ಲ ಅಂದ್ರೆ ಮನೆಗೆ ಅಪ್ಪ ಅಮ್ಮನ್ನ ಕರ್ಕೊಂಡು ಬಾ. ಪ್ಲಾಟ್‌ಫಾರಂ ಮೇಲೆ ಬೇಡ” ಅಂದರು.

ಇದು ಎರಡು ತಿಂಗಳ ಹಿಂದಿನ ಮಾತು. ಈಗ ಅವಳು ಹೆಂಗಸರ ಬೋಗಿಯಲ್ಲಿ, ಇವನು ಹಿಂದಿನದರಲ್ಲಿ. ಅವಳ ಬ್ಯಾಗು ಅವಳ ಹೆಗಲ ಮೇಲೇ. ಯಶವಂತಪುರದಲ್ಲಿ ಇಳಿಯುವಾಗ ದೂರದಿಂದ ಒಂದು ನೋಟ, ಅಷ್ಟೇ.

“ಅಪ್ಪ ಅಮ್ಮನ್ನ ಯಾವಾಗ ಕಳಿಸ್ತೀಯೋ?” ಅಂತ ಮೊನ್ನೆ ಕೇಳಿದೆ.

“ಕಳಿಸ್ತೀನಿ. ಆದ್ರೆ ಮೊದ್ಲು ಅವಳನ್ನೇ ಕೇಳ್ಬೇಕು ಕಣೋ” ಅಂದ. “ಅವತ್ತು ಅವಳು ಹೆದರ್ಕೊಂಡು ನನ್ ಕಡೆ ಕೈ ತೋರಿಸಿದ್ದು. ಹೆದರಿಕೆ ಇಲ್ದೇ ಇರುವಾಗಲೂ ತೋರಿಸ್ತಾಳಾ ಅಂತ ನಂಗೆ ಗೊತ್ತಾಗ್ಬೇಕು.”

ಗಾಡಿ ಬಂತು. ಅವನು ಹತ್ತಿಕೊಂಡ. ನಾನು ಉಪ್ಪಾರಹಳ್ಳಿ ಕಡೆ ಹೆಜ್ಜೆ ಹಾಕಿದೆ.

ಅವಳು ಹೂಂ ಅಂದರೆ ನಿಮಗೂ ಹೋಳಿಗೆ ಊಟ ಉಂಟು. ಊಹೂಂ ಅಂದರೆ? ಊಹೂಂ ಅಂದರೆ ಊಹೂಂ ಅಷ್ಟೇ! ಆಗಲೂ ನನ್ನ ಗೆಳೆಯನೇ ಈ ಪಿಕ್ಚರಿನ ನಿಜವಾದ ಹೀರೋ.

ಏನಂತೀರಿ ಮಿತ್ರರೇ?